ಗೋವಾದಲ್ಲಿ ಕ್ಯಾನೋ ಪೋಲೋ ಆಡಬೇಕೇ? ಮೊದಲು ಮಗುಚುವುದನ್ನು ಕಲಿಯಿರಿ

ಕಯಾಕ್‌ನಲ್ಲಿ ಕೂತು ಆಡುವ ಚೆಂಡಾಟ ಇದು. ನೀರಿನ ಮೇಲೆ ತಂಡಕ್ಕೆ ಐದು ಜನ, ಬದಲಿ ಆಟಗಾರರು ಮೂವರು. ಅಂಗಳ 35 ಮೀಟರ್ ಉದ್ದ, 23 ಮೀಟರ್ ಅಗಲ. ಗೋಲು ನೀರಿನ ಮಟ್ಟದಲ್ಲಿ ಇರುವುದಿಲ್ಲ. ಒಂದೂವರೆ ಮೀಟರ್ ಅಗಲ, ಒಂದು ಮೀಟರ್ ಎತ್ತರದ ಚೌಕಟ್ಟನ್ನು ಮೇಲೆ ತೂಗುಬಿಟ್ಟಿರುತ್ತಾರೆ, ಅದರ ಕೆಳ ಅಂಚೇ ನೀರಿನಿಂದ 2 ಮೀಟರ್ ಎತ್ತರದಲ್ಲಿರುತ್ತದೆ. ಹತ್ತು ಹತ್ತು ನಿಮಿಷದ ಎರಡು ಅವಧಿ. ಚೆಂಡು ವಾಟರ್ ಪೋಲೋದ್ದೇ, ಗಂಡಸರಿಗೆ 5ನೇ ಸೈಜು, ಹೆಂಗಸರಿಗೆ 4ನೇ ಸೈಜು.

ಹೊಸದಾಗಿ ಬಂದವರ ಕಣ್ಣೆಲ್ಲ ಆ ಚೆಂಡಿನ ಮೇಲೆಯೇ. ನನ್ನನ್ನು ಕೇಳಿದರೆ ಶುರುವಿನ ಒಂದೆರಡು ತಿಂಗಳು ಚೆಂಡು ಚೀಲದಲ್ಲೇ ಇದ್ದರೂ ನಷ್ಟವಿಲ್ಲ. ಚೆಂಡು ನಿಮ್ಮ ಕೈಯಲ್ಲಿದ್ದಾಗ ಎದುರಾಳಿ ನಿಮ್ಮನ್ನು ತಳ್ಳಿ ನೀರಿಗೆ ಕೆಡವಬಹುದು, ಅದು ನಿಯಮದೊಳಗೇ ಇದೆ. ತಲೆಕೆಳಗಾದಾಗ ಏನು ಮಾಡಬೇಕೆಂದು ಮೈಗೆ ಗೊತ್ತಿಲ್ಲದವರು ಚೆಂಡು ಬಂದ ಕೂಡಲೇ ಯಾರಿಗೋ ಎಸೆದು ಪಾರಾಗಲು ನೋಡುತ್ತಾರೆ. ಅಂಥವರಿಗೆ ವರ್ಷವಿಡೀ ಆಡಿದರೂ ಆಟ ಹತ್ತುವುದಿಲ್ಲ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಹೆಚ್ಚು ಜಾಗ ಹೋಗುವುದು ಮಗುಚಿ ಏಳುವುದಕ್ಕೆ, ಮತ್ತು ಗೋವಾದ ನೀರಿನ ಸ್ವಭಾವಕ್ಕೆ.

ಎಲ್ಲಿ ವಿಚಾರಿಸಬೇಕು

ಬೀಚಿನಲ್ಲಿ ಬಾಡಿಗೆಗೆ ಸಿಗುವ ಬಣ್ಣಬಣ್ಣದ ಪ್ಲಾಸ್ಟಿಕ್ ಕಯಾಕ್ ಇದಕ್ಕೆ ಆಗುವುದಿಲ್ಲ. ಅದರ ಮೇಲೆ ಕೂರುತ್ತೇವೆ, ಮಗುಚಿದರೆ ಕೆಳಗೆ ಬೀಳುತ್ತೇವೆ, ಅಷ್ಟೇ. ಪೋಲೋಗೆ ಬೇಕಾದದ್ದು ಸೊಂಟದವರೆಗೆ ಒಳಗೆ ಇಳಿದು ಕೂರುವ ಮುಚ್ಚಿದ ಕಯಾಕ್. ಆದ್ದರಿಂದ ಫೋನು ಮಾಡಿದಾಗ "ಪೋಲೋ ಕಲಿಸುತ್ತೀರಾ?" ಎಂದು ಕೇಳುವ ಮೊದಲು "ಮುಚ್ಚಿದ ಕಯಾಕ್ ಇದೆಯಾ, ರೋಲ್ ಹೇಳಿಕೊಡುವವರು ಇದ್ದಾರಾ?" ಎಂದು ಕೇಳಿ. ರೋಲ್ ಎಂದರೆ ಮಗುಚಿದ ಮೇಲೆ ದೋಣಿಯಿಂದ ಹೊರಬರದೆ ಒಳಗೆ ಕೂತೇ ಮತ್ತೆ ನೆಟ್ಟಗೆ ಏಳುವುದು. ಈ ಎರಡಕ್ಕೂ ಹೌದು ಎಂದರೆ ಬೋರ್ಡಿನಲ್ಲಿ ಪೋಲೋ ಎಂದು ಬರೆದಿರಲಿ ಬಿಡಲಿ, ಕಲಿಯಲು ಅದು ಸರಿಯಾದ ಜಾಗ.

ದೇಶದಲ್ಲಿ ಈ ಕ್ರೀಡೆಗಳನ್ನು ನೋಡಿಕೊಳ್ಳುವುದು ಇಂಡಿಯನ್ ಕಯಾಕಿಂಗ್ ಅಂಡ್ ಕನೋಯಿಂಗ್ ಅಸೋಸಿಯೇಷನ್. ಅದರ ಮೂಲಕ ರಾಜ್ಯದ ಘಟಕವನ್ನು ವಿಚಾರಿಸಬಹುದು. ಪಣಜಿ ಪಕ್ಕದ ಕಾರಂಜಾಳೆಯಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಅಲ್ಲಿ ಮುಖ್ಯವಾಗಿ ಜಲಕ್ರೀಡೆ ನಡೆಸುವವರಿಗೆ ಮತ್ತು ಜೀವರಕ್ಷಕರಿಗೆ ತರಬೇತಿ ಕೊಡುತ್ತಾರೆ. ಕಯಾಕ್ ಬಲ್ಲವರು ಯಾರು ಎಲ್ಲಿದ್ದಾರೆ ಎಂಬ ಸುದ್ದಿ ಇಂಥ ಕಡೆಯೇ ಸಿಗುವುದು. ಮಾಂಡವಿ ನದಿಯ ಹಿನ್ನೀರು, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಕಯಾಕ್ ಪ್ರವಾಸ ಕರೆದೊಯ್ಯುವವರಲ್ಲೂ ಒಳ್ಳೆಯ ಗುರುಗಳಿದ್ದಾರೆ.

ಸೇರುವ ಮೊದಲು ಒಂದು ಭಾನುವಾರ ಸುಮ್ಮನೆ ದಡದಲ್ಲಿ ನಿಂತು ನೋಡಿ. ಮಗುಚಿದವನ ಹತ್ತಿರ ಎಷ್ಟು ಬೇಗ ಇನ್ನೊಂದು ದೋಣಿ ಬರುತ್ತದೆ? ಹೆಲ್ಮೆಟ್ಟಿಗೆ ಮುಖದ ಜಾಲರಿ ಇದೆಯೇ? ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕಾರಿನ ಡಿಕ್ಕಿಯಲ್ಲಿದೆಯೋ, ನೀರಿನ ಬದಿಯಲ್ಲಿದೆಯೋ? ಹೊಸಬರಿಗೆ ಸಲಕರಣೆ ಎರವಲು ಕೊಡುತ್ತಾರೋ? ಫೀಸಿನ ಮಾತು ಇದೆಲ್ಲ ಆದಮೇಲೆ. "ಒಂದೇ ದಿನದಲ್ಲಿ ಮ್ಯಾಚ್ ಆಡಿಸುತ್ತೇವೆ" ಎನ್ನುವವರಿಂದ ದೂರ ಇರಿ.

ಈಜು ಬರಲೇಬೇಕು

ಹುಬ್ಬಳ್ಳಿ ಕಡೆಯಿಂದ ವೆರ್ಣಾದ ಕಾರ್ಖಾನೆಗೆ ಬಂದ ಹುಡುಗನೊಬ್ಬ ನಮ್ಮ ಗುಂಪಿಗೆ ಸೇರಿದ ದಿನ ಮೆಲ್ಲಗೆ ಬಂದು, "ಅಣ್ಣಾರ, ಈಜ ಅಷ್ಟಕ್ಕಷ್ಟರೀ. ಜಾಕೆಟ್ ಹಾಕ್ಕೊಂಡ್ರ ನಡೀತೈತಲ್ರೀ?" ಎಂದ.

"ಮುಳುಗೋದಿಲ್ಲ ತಮ್ಮಾ. ಆದರೆ ಗಾಬರಿ ಆಗ್ತದಲ್ಲ, ಅದನ್ನ ಜಾಕೆಟ್ ತಡೀತದಾ?" ಎಂದೆ.

ಅವನು ಮೊದಲು ಈಜುಕೊಳಕ್ಕೆ ಸೇರಿದ. ಈಗ ನಮ್ಮ ಗೋಲು ಕಾಯುವವನು ಅವನೇ. ಕಾರವಾರ, ಅಂಕೋಲಾ ಕಡೆಯಿಂದ ಬಂದವರಿಗೂ ಇದೇ ಮಾತು. ಸಮುದ್ರದ ಪಕ್ಕ ಹುಟ್ಟಿದವರಿಗೆಲ್ಲ ಈಜು ಬರುತ್ತದೆ ಎಂದೇನಿಲ್ಲ. ಬಟ್ಟೆ, ಜಾಕೆಟ್ ಎರಡೂ ಇದ್ದು 50 ಮೀಟರ್ ಸಮಾಧಾನವಾಗಿ ಈಜಬೇಕು, ಮುಖ ನೀರೊಳಗಿದ್ದಾಗ ಕಣ್ಣು ಬಿಟ್ಟು ಉಸಿರು ಹಿಡಿಯಲು ಆಗಬೇಕು. ಅಷ್ಟಿದ್ದರೆ ಸಾಕು, ವೇಗ ಬೇಡ. ಮೂರ್ಛೆ ರೋಗ, ಹೃದಯದ ತೊಂದರೆ, ಹಿಂದೆ ಕೀಲು ತಪ್ಪಿದ ಭುಜ, ಸೋರುವ ಕಿವಿ ಇರುವವರು ವೈದ್ಯರನ್ನು ಕೇಳದೆ ಇಳಿಯಬಾರದು. ಭುಜದ ವಿಷಯ ಒತ್ತಿ ಹೇಳುತ್ತೇನೆ, ಏಕೆಂದರೆ ಈ ಆಟದಲ್ಲಿ ದೊಡ್ಡ ಪೆಟ್ಟು ಬೀಳುವುದು ಅಲ್ಲಿಗೇ.

ಮೈಗೆ ಅಂಟುವ ಟೀ ಶರ್ಟು, ಚಡ್ಡಿ, ಹಿಮ್ಮಡಿ ಬಿಗಿಯುವ ತೆಳು ಶೂ. ಉಂಗುರ, ಕಿವಿಯೋಲೆ, ಸರ, ಕರಿಮಣಿ ಎಲ್ಲ ಮನೆಯಲ್ಲೇ ಬಿಟ್ಟು ಬನ್ನಿ. ಬೆರಳಿನ ಉಂಗುರ ದೋಣಿಯ ಅಂಚಿಗೆ ಸಿಕ್ಕಿದರೆ ಬೆರಳನ್ನೇ ಕಿತ್ತು ತರಬಲ್ಲದು. ಉಗುರು ಕತ್ತರಿಸಿಕೊಂಡಿರಿ. ಕನ್ನಡಕಕ್ಕೆ ಹಿಂದಿನಿಂದ ಪಟ್ಟಿ ಕಟ್ಟಿ. ಮೂಗಿಗೆ ಹಾಕುವ ಕ್ಲಿಪ್ಪು ಒಂದನ್ನು ಮಾತ್ರ ಮೊದಲ ದಿನವೇ ಸ್ವಂತದ್ದು ಕೊಳ್ಳಿ, ತಲೆಕೆಳಗಾದಾಗ ಮೂಗಿನೊಳಗೆ ನುಗ್ಗುವ ನೀರೇ ಅರ್ಧ ಜನರನ್ನು ಓಡಿಸುವುದು.

ದೋಣಿಯೊಳಗೆ ಕೂರುವುದು

ಪೋಲೋ ಕಯಾಕ್ ಉದ್ದ 3 ಮೀಟರ್ ದಾಟುವಂತಿಲ್ಲ, 2.1ಕ್ಕಿಂತ ಕಡಿಮೆಯೂ ಇರುವಂತಿಲ್ಲ. ತೂಕ ಕನಿಷ್ಠ 7 ಕಿಲೋ. ಎರಡೂ ತುದಿಗೆ ಮೆತ್ತನೆಯ ಬಂಪರ್ ಇರಬೇಕು. ಗಿಡ್ಡವಾದ್ದರಿಂದ ಗಿರಗಿರ ತಿರುಗುತ್ತದೆ, ನೇರ ಹೋಗಲು ಮಾತ್ರ ಹಟ ಮಾಡುತ್ತದೆ. ಹಳೆಯದಾದರೂ ಪರವಾಗಿಲ್ಲ, ಬಂಪರ್ ಹರಿದದ್ದನ್ನು ಬಿಟ್ಟು ಬೇರೆ ಯಾವುದನ್ನು ಕೊಟ್ಟರೂ ತೆಗೆದುಕೊಳ್ಳಿ.

ಕೂತ ಮೇಲೆ ಪಾದದ ಮುಂಭಾಗ ಕಾಲೂರುವ ಪಟ್ಟಿಗೆ ತಾಗಬೇಕು, ಮಂಡಿ ಎರಡೂ ಬದಿಗೆ ತೆರೆದು ಮೇಲಿನ ಹೊದಿಕೆಯ ಅಡಿಗೆ ಒತ್ತಬೇಕು, ಸೊಂಟದ ಎರಡು ಬದಿಗೆ ಬೆರಳು ತೂರುವಷ್ಟು ಮಾತ್ರ ಜಾಗವಿರಬೇಕು. ಸಡಿಲವಿದ್ದರೆ ಫೋಮ್ ತುಂಡು ತುರುಕಿ. ನೀವು ಸೊಂಟ ಅಲುಗಿಸಿದರೆ ದೋಣಿಯೂ ಅಲುಗುತ್ತದೆಯೇ ಎಂದು ನೋಡಿಕೊಳ್ಳಿ. ಅಲುಗದಿದ್ದರೆ ಮುಂದೆ ರೋಲ್ ಬರುವುದಿಲ್ಲ.

ಮಗುಚಿ ಹೊರಬರುವುದು

ಇದನ್ನು ಈಜುಕೊಳದಲ್ಲೇ ಕಲಿಯಿರಿ. ಪಣಜಿಯ ಕಾಂಪಾಲ್‌ನ ಕೊಳವೋ ನಿಮ್ಮ ಊರಿನ ಹತ್ತಿರದ್ದೋ, ಎಲ್ಲಾದರೂ ಕಯಾಕ್ ಇಳಿಸಲು ಮೊದಲೇ ಅನುಮತಿ ಬೇಕು. ದೋಣಿಗಳನ್ನು ಸಿಹಿನೀರಿನಲ್ಲಿ ತೊಳೆದು, ಒಳಗಿನ ಕೆಸರು ಒರೆಸಿ ತರುತ್ತೇವೆ, ಬಂಪರ್ ಇದೆ, ಟೈಲ್ಸಿಗೆ ಏಟು ಬೀಳುವುದಿಲ್ಲ ಎಂದು ಅರ್ಜಿಯಲ್ಲೇ ಬರೆಯಿರಿ. ಸಾರ್ವಜನಿಕರ ಸಮಯ ಮುಗಿದ ಮೇಲಿನ ಗಂಟೆ ಕೇಳಿದರೆ ಒಪ್ಪುವ ಸಾಧ್ಯತೆ ಜಾಸ್ತಿ.

ಮೊದಲು ಸ್ಪ್ರೇ ಡೆಕ್ ಇಲ್ಲದೆ. ಅದು ಸೊಂಟಕ್ಕೆ ಕಟ್ಟಿ ದೋಣಿಯ ಬಾಯಿಗೆ ಎಳೆದು ಮುಚ್ಚುವ ರಬ್ಬರಿನಂಥ ಹೊದಿಕೆ. ಸೊಂಟದಷ್ಟು ಆಳದ ನೀರಿನಲ್ಲಿ ಹೇಳಿಕೊಡುವವರು ಪಕ್ಕದಲ್ಲೇ ನಿಂತಿರಲಿ. ಉಸಿರು ಎಳೆದುಕೊಂಡು ಮುಂದಕ್ಕೆ ಬಾಗಿ, ಹಣೆ ದೋಣಿಯ ಮೇಲ್ಭಾಗದ ಹತ್ತಿರ ಬರುವಂತೆ. ಹಾಗೆಯೇ ಪಕ್ಕಕ್ಕೆ ಬಿದ್ದುಬಿಡಿ. ತಲೆಕೆಳಗಾದ ಮೇಲೆ ಕೈ ಎರಡನ್ನೂ ನೀರಿನಿಂದ ಹೊರಗೆ ಚಾಚಿ ದೋಣಿಯ ತಳವನ್ನು ಮೂರು ಸಲ ಬಡಿಯಿರಿ. ಇದು ಶಾಸ್ತ್ರಕ್ಕಲ್ಲ. ಬಡಿಯುವಷ್ಟು ಹೊತ್ತು ಇದ್ದೇನೆ, ಏನೂ ಆಗಿಲ್ಲ ಎಂದು ತಲೆಗೆ ಗೊತ್ತಾಗಲಿ ಎಂದು. ಆಮೇಲೆ ಕೈಗಳನ್ನು ಸೊಂಟದ ಪಕ್ಕಕ್ಕೆ ತಂದು ಅಂಚನ್ನು ಹಿಡಿದು, ಪ್ಯಾಂಟು ಕಳಚಿದಂತೆ ದೋಣಿಯನ್ನು ಮುಂದಕ್ಕೆ ತಳ್ಳಿ. ಮುಂದಕ್ಕೆ ಬಾಗಿಯೇ ಇರಿ. ಹೆಚ್ಚಿನವರು ಗಾಬರಿಯಲ್ಲಿ ಹಿಂದಕ್ಕೆ ಮಲಗುತ್ತಾರೆ, ಆಗ ತೊಡೆ ಒಳಗೆ ಸಿಕ್ಕಿಕೊಳ್ಳುತ್ತದೆ, ಮುಖವೂ ತಳಕ್ಕೆ ತೆರೆದುಕೊಳ್ಳುತ್ತದೆ.

ಇದು ಸಲೀಸಾದ ಮೇಲೆ ಸ್ಪ್ರೇ ಡೆಕ್. ಮುಂಭಾಗದಲ್ಲಿ ಎಳೆಯುವ ಕುಣಿಕೆಯೊಂದಿದೆ. ಹಾಕಿಕೊಳ್ಳುವಾಗ ಅದು ಒಳಗೆ ಮಡಚಿಹೋಗದೆ ಹೊರಗೇ ಉಳಿದಿದೆಯೇ ಎಂದು ಪ್ರತಿ ಸಲವೂ ಮುಟ್ಟಿ ನೋಡಿ. ಎಷ್ಟೇ ಹಳಬರಾದರೂ ನಮ್ಮಲ್ಲಿ ಒಬ್ಬರದ್ದನ್ನು ಇನ್ನೊಬ್ಬರು ನೋಡಿಯೇ ನೀರಿಗೆ ಬಿಡುವುದು. ತಲೆಕೆಳಗಾದಾಗ ಕಣ್ಣಿಗೆ ಏನೂ ಕಾಣದಿದ್ದರೆ ಅಂಚಿನ ಮೇಲೆ ಕೈ ಸವರುತ್ತ ಮುಂದೆ ಹೋದರೆ ಕುಣಿಕೆ ಸಿಗುತ್ತದೆ. ಮೊದಲು ಮುಂದಕ್ಕೆ, ನಂತರ ದೋಣಿಯಿಂದ ಆಚೆಗೆ ಎಳೆಯಿರಿ. ಹೊರಬಂದ ಮೇಲೆ ಹುಟ್ಟನ್ನೂ ದೋಣಿಯನ್ನೂ ಕೈಬಿಡಬೇಡಿ.

ಮಗುಚಿ ಏಳುವುದು

ಹೊರಬರುವುದು ಜೀವಕ್ಕೆ, ರೋಲ್ ಆಟಕ್ಕೆ. ಹೊರಬಂದರೆ ದೋಣಿಯ ನೀರು ಚೆಲ್ಲಿ ಮತ್ತೆ ಕೂರುವಷ್ಟರಲ್ಲಿ ನಿಮ್ಮ ತಂಡ ಒಬ್ಬರಿಲ್ಲದೆ ಆಡಬೇಕು.

ಶುರು ಕೊಳದ ಅಂಚಿನಿಂದ. ಎರಡೂ ಕೈಯಲ್ಲಿ ಅಂಚು ಹಿಡಿದು, ಕಿವಿ ನೀರಿಗೆ ತಾಗುವಷ್ಟು ಬದಿಗೆ ಒರಗಿ, ಸೊಂಟದಿಂದ ದೋಣಿಯನ್ನು ನೆಟ್ಟಗೆ ಮಾಡಿ. ತಲೆ ಎಲ್ಲಕ್ಕಿಂತ ಕೊನೆಗೆ ಮೇಲೆ ಬರಲಿ. ತಲೆಯನ್ನೇ ಮೊದಲು ಎತ್ತಬೇಕೆಂದು ಮನಸ್ಸು ಹಟ ಹಿಡಿಯುತ್ತದೆ. ಎತ್ತಿದಿರೋ, ದೋಣಿ ವಾಪಸ್ ಮಗುಚುತ್ತದೆ. ಕೈಗಳ ಮೇಲೆ ಭಾರ ಬೀಳುತ್ತಿದೆ ಎಂದರೆ ಸೊಂಟ ಕೆಲಸ ಮಾಡುತ್ತಿಲ್ಲ ಎಂದರ್ಥ. ಇದಾದ ಮೇಲೆ ಅಂಚಿನ ಬದಲು ಗೆಳೆಯನ ದೋಣಿಯ ಮೂತಿ ಹಿಡಿದು ಏಳುವುದು. ಮುಂದೆ ತೇಲುವ ಫೋಮ್ ಹಲಗೆ ಹಿಡಿದು, ಆಮೇಲೆ ಹುಟ್ಟು ಹಿಡಿದು. ಕೆಲವರಿಗೆ ಒಂದೆರಡು ವಾರದಲ್ಲಿ ಬರುತ್ತದೆ, ಕೆಲವರಿಗೆ ತಿಂಗಳುಗಳು. ತೋಳುಬಲವಿರುವ ಗಂಡಸರೇ ಹೆಚ್ಚು ಹೊತ್ತು ತೆಗೆದುಕೊಳ್ಳುವುದನ್ನು ನೋಡಿದ್ದೇನೆ, ಬಲದಿಂದಲೇ ಎದ್ದುಬಿಡುತ್ತೇವೆ ಎಂಬ ಹುಮ್ಮಸ್ಸು ಅಡ್ಡ ಬರುತ್ತದೆ. ಒಂದು ಬದಿಗೆ ಬಂದ ಮೇಲೆ ಇನ್ನೊಂದು ಬದಿಗೂ ಕಲಿಯಿರಿ, ಎದುರಾಳಿ ಯಾವ ಕಡೆಗೆ ತಳ್ಳಬೇಕೆಂದು ನಿಮ್ಮನ್ನು ಕೇಳುವುದಿಲ್ಲ.

ಗೋವಾದ ನೀರು

ನದಿಗೆ ಇಳಿಯುವ ಮೊದಲು ಮೊರ್ಮುಗಾಂವ್ ಬಂದರಿನ ಉಬ್ಬರ ಇಳಿತದ ವೇಳಾಪಟ್ಟಿ ನೋಡಿಕೊಳ್ಳಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಸುಮಾರು 2 ಮೀಟರ್ ಏರಿಳಿಯುತ್ತದೆ, ಸೆಳೆತವೂ ಜೋರು. ಅಷ್ಟಮಿಯ ಸುತ್ತ ಎರಡೂ ಕಡಿಮೆ. ಅಭ್ಯಾಸಕ್ಕೆ ಒಳ್ಳೆಯ ಹೊತ್ತು ಉಬ್ಬರದ ಕೊನೆಯ ಗಂಟೆ ಮತ್ತು ನೀರು ನಿಂತಂತೆ ಕಾಣುವ ಮುಂದಿನ ಸ್ವಲ್ಪ ಸಮಯ. ಆಗ ಕೆಸರಿನ ದಿಬ್ಬಗಳೂ ಕಲ್ಲಿಗೆ ಅಂಟಿದ ಸಿಂಪಿಗಳೂ ಮುಳುಗಿರುತ್ತವೆ, ತಪ್ಪಿಸಿಕೊಂಡ ಚೆಂಡು ಸಮುದ್ರದ ಕಡೆಗೆ ಹೋಗದೆ ಒಳಗಿನ ಕಡೆಗೆ ತೇಲುತ್ತದೆ.

ಇಲ್ಲೊಂದು ತೊಡಕಿದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಈ ಭಾನುವಾರ ಬೆಳಿಗ್ಗೆ ಏಳಕ್ಕೆ ತುಂಬಿದ್ದ ನೀರು ಮುಂದಿನ ಭಾನುವಾರ ಅದೇ ಏಳಕ್ಕೆ ಹೆಚ್ಚುಕಡಿಮೆ ಪೂರ್ತಿ ಇಳಿದಿರುತ್ತದೆ, ಅದರ ಮರುವಾರ ಮತ್ತೆ ತುಂಬಿರುತ್ತದೆ. "ಪ್ರತಿ ಭಾನುವಾರ ಏಳಕ್ಕೆ ಜೆಟ್ಟಿ ಹತ್ತಿರ" ಎಂದು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ ಎರಡನೇ ವಾರವೇ ಎಲ್ಲರೂ ಮೊಣಕಾಲುದ್ದದ ಕೆಸರಲ್ಲಿ ದೋಣಿ ಎಳೆಯುತ್ತಿರುತ್ತಾರೆ. ಒಂದು ವಾರ ನದಿ, ಒಂದು ವಾರ ಈಜುಕೊಳ ಎಂದಿಟ್ಟುಕೊಂಡರೆ ರಗಳೆಯಿಲ್ಲ.

ಜಾಗದ ಆಯ್ಕೆ. ಪಣಜಿಯ ಎದುರಿನ ಮಾಂಡವಿಯ ಮುಖ್ಯ ಹರಿವಿನಲ್ಲಿ ಬೇಡವೇ ಬೇಡ. ಬಾರ್ಜ್‌ಗಳು, ಫೆರ್ರಿ, ಕ್ಯಾಸಿನೋಗೆ ಜನ ಸಾಗಿಸುವ ದೋಣಿಗಳು ಓಡಾಡುವ ಹಾದಿ ಅದು. ಬಾರ್ಜ್ ನಡೆಸುವವನಿಗೆ ನೀರಿನ ಮಟ್ಟದಲ್ಲಿರುವ ನಿಮ್ಮ ತಲೆ ಕಾಣುವುದೇ ಇಲ್ಲ. ಕುಂಭಾರ್ಜುವಾ ಕಾಲುವೆಯಲ್ಲಿ ಮೊಸಳೆಗಳಿವೆ, ಪ್ರವಾಸಿಗರಿಗೆ ತೋರಿಸಲು ಕರೆದೊಯ್ಯುತ್ತಾರೆ, ಅಲ್ಲಿ ಮಗುಚಿ ಏಳುವ ಅಭ್ಯಾಸದ ಮಾತೇ ಇಲ್ಲ. ಸ್ಥಳೀಯ ಮೀನುಗಾರರನ್ನು ಕೇಳಿ ಒಳಗಿನ ಶಾಂತ ತೋಡು, ಬಲೆ ಹಾಕದ ಜಾಗ ಗೊತ್ತುಮಾಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನದಿ ಬಿಟ್ಟುಬಿಡಿ. ಮಹದಾಯಿಯಾಗಿ ನಮ್ಮ ಕಡೆಯ ಘಟ್ಟದಿಂದ ಇಳಿದು ಬರುವ ಮಳೆನೀರೆಲ್ಲ ಆಗ ಇಲ್ಲೇ ಹಾಯುವುದು, ಮರದ ದಿಮ್ಮಿಗಳ ಸಮೇತ. ಮಳೆಗಾಲದ ನೀರಿನಿಂದ ಇಲಿ ಜ್ವರದ ಭಯವೂ ಇದೆ. ಗಾಯವಿದ್ದರೆ ಯಾವ ಕಾಲದಲ್ಲೂ ನದಿಗೆ ಇಳಿಯಬೇಡಿ.

ಈಗ ಚೆಂಡು

ನೀರಿನ ಮೇಲಿರುವ ಚೆಂಡನ್ನು ಮೇಲಿನಿಂದ ಹಿಡಿಯಲು ಹೋದರೆ ಜಾರುತ್ತದೆ. ಅಂಗೈಯಿಂದ ಒಂಚೂರು ಒತ್ತಿ ಬಿಡಿ, ಅದು ಪುಟಿದು ಮೇಲೆ ಬರುವಾಗ ಅಡಿಗೆ ಕೈ ಕೊಡಿ. ಹುಟ್ಟಿನ ಅಲಗಿನಿಂದ ಎಳೆದುಕೊಳ್ಳಬಹುದು, ಅಲಗಿನ ಮೇಲೆ ಎತ್ತಿಕೊಳ್ಳಲೂಬಹುದು. ಎಸೆಯುವಾಗ ಹುಟ್ಟು ಒಂದು ಕೈಯಲ್ಲಿ ಸ್ಪ್ರೇ ಡೆಕ್ ಮೇಲೆ ಮಲಗಿರಲಿ, ಇನ್ನೊಂದು ಕೈಯಲ್ಲಿ ಚೆಂಡು, ತಿರುಗುವುದು ಬೆನ್ನು. ಬರೀ ತೋಳಿನಿಂದ ಎಸೆದವರ ಚೆಂಡು 2 ಮೀಟರ್ ಎತ್ತರದ ಗೋಲಿಗೆ ತಲುಪುವುದಿಲ್ಲ, ಭುಜ ಮಾತ್ರ ಮರುದಿನ ಮಾತಾಡಿಸುತ್ತದೆ.

ಚೆಂಡನ್ನು ಐದು ಸೆಕೆಂಡಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಯಾರಿಗಾದರೂ ಕೊಡಬೇಕು, ಇಲ್ಲವೇ ಕನಿಷ್ಠ ಒಂದು ಮೀಟರ್ ಮುಂದಕ್ಕೆ ಎಸೆದುಕೊಂಡು ಬೆನ್ನಟ್ಟಬೇಕು. ತಂಡ 60 ಸೆಕೆಂಡಿನೊಳಗೆ ಗೋಲಿಗೆ ಪ್ರಯತ್ನಿಸಬೇಕು. ಹೊಸಬರು ಐದನ್ನು ಜೋರಾಗಿ ಎಣಿಸುತ್ತ ಅಭ್ಯಾಸ ಮಾಡಿದರೆ ಅದು ಎಷ್ಟು ದೀರ್ಘ ಸಮಯ ಎಂದು ತಿಳಿಯುತ್ತದೆ, ಗಡಿಬಿಡಿ ತಗ್ಗುತ್ತದೆ.

ಪೆಟ್ಟು ತಪ್ಪಿಸುವ ನಿಯಮಗಳನ್ನು ಮೊದಲ ದಿನವೇ ಬಾಯಿಪಾಠ ಮಾಡಿ. ಕೈಯಿಂದ ತಳ್ಳುವುದು ಚೆಂಡು ಇರುವವರನ್ನು ಮಾತ್ರ, ಬಿಚ್ಚಿದ ಅಂಗೈಯಿಂದ, ಬೆನ್ನಿಗೆ, ಮೇಲ್ತೋಳಿಗೆ ಅಥವಾ ಪಕ್ಕೆಗೆ. ಕುತ್ತಿಗೆ, ತಲೆ, ಮುಖ ಮುಟ್ಟುವಂತಿಲ್ಲ. ದೋಣಿಯಿಂದ ದೋಣಿಗೆ ಒತ್ತಬಹುದು, ಆದರೆ ಎದುರಾಳಿಯ ಬದಿಗೆ ಲಂಬವಾಗಿ ರಭಸದಿಂದ ಗುದ್ದುವಂತಿಲ್ಲ, ಮೈಮೇಲೆ ಏರಿಸುವಂತಿಲ್ಲ. ಎದುರಾಳಿ ಚೆಂಡಿಗೆ ಕೈ ಚಾಚಿದಾಗ ಅವನ ಕೈಯಳತೆಯೊಳಗೆ ನಿಮ್ಮ ಹುಟ್ಟು ಆಡಬಾರದು. ಈ ಕೊನೆಯದನ್ನೇ ಎಲ್ಲರೂ ಮರೆಯುವುದು. ಬೆರಳು ಮುರಿಯುವುದೂ ಇದರಿಂದಲೇ. ತಪ್ಪಿಗೆ ಹಸಿರು, ಹಳದಿ, ಕೆಂಪು ಕಾರ್ಡುಗಳಿವೆ. ಹಳದಿ ಬಿದ್ದರೆ ಎರಡು ನಿಮಿಷ ಹೊರಗೆ. ಹುಟ್ಟಿನ ಅಂಚು 5 ಮಿಲಿಮೀಟರ್‌ಗಿಂತ ತೆಳ್ಳಗಿದ್ದರೆ ಆಟಕ್ಕೆ ಬಿಡುವುದಿಲ್ಲ, ಸವೆದ ಹುಟ್ಟಿಗೆ ಕ್ಲಬ್ಬಿನಲ್ಲೂ ಅದೇ ಕಟ್ಟುನಿಟ್ಟು ಇರಲಿ.

ಗೋಲು ಮಾಡಿಕೊಳ್ಳುವುದು

ಗೋಲು ತರಿಸಿಕೊಳ್ಳುವವರೆಗೆ ಕಾಯಬೇಡಿ. ಪಿವಿಸಿ ಪೈಪಿನ ಚೌಕಟ್ಟು, ಮಲಿಮ್ ಜೆಟ್ಟಿಯ ಹತ್ತಿರ ಮೀನುಗಾರರಿಂದ ಪಡೆದ ಹಳೆ ಬಲೆ, ಗಡಿ ಗುರುತಿಸಲು ಬಲೆಗೆ ಕಟ್ಟುವ ತೇಲುಗಳು ಸಾಕು. ಎತ್ತರ ಅಳೆಯಲು ಟೇಪೂ ಬೇಡ, ಪೋಲೋ ಹುಟ್ಟು ಸುಮಾರು 2 ಮೀಟರ್ ಉದ್ದವಿರುವುದರಿಂದ ನೀರಿನ ಮೇಲೆ ನೆಟ್ಟಗೆ ಹಿಡಿದರೆ ಅದರ ತುದಿಗೆ ಚೌಕಟ್ಟಿನ ಅಡಿ ಬರಬೇಕು. ನದಿಯಲ್ಲಿ ಗೋಲನ್ನು ದಡದ ಕಂಬಕ್ಕೆ ಕಟ್ಟಿದರೆ ಉಬ್ಬರ ಇಳಿದಂತೆ ಗೋಲು ಮೇಲೇರಿದಂತಾಗುತ್ತದೆ, ಅದಕ್ಕೆ ತೇಲುವ ಡ್ರಮ್ಮುಗಳ ಮೇಲೆ ನಿಲ್ಲಿಸುವುದೇ ಸರಿ. ಗೋಲು ಕಾಯುವವರು ಅದರ ನೇರ ಕೆಳಗೆ ಕೂತು ಹುಟ್ಟನ್ನು ಲಂಬವಾಗಿ ಎತ್ತಿ ತಡೆಯುತ್ತಾರೆ. ತೋಳು ಸೋಲುವ ಕೆಲಸ ಅದು, ಸರದಿ ಹಾಕಿಕೊಳ್ಳಿ.

ಕೊಳ್ಳುವುದು ಯಾವಾಗ

ಮೂಗಿನ ಕ್ಲಿಪ್ಪಿನ ನಂತರ ನಿಮ್ಮ ತಲೆಗೆ ಸರಿಹೊಂದುವ, ಮುಖದ ಜಾಲರಿಯ ಹೆಲ್ಮೆಟ್. ಆಮೇಲೆ ಪಕ್ಕೆಯನ್ನೂ ಮುಚ್ಚುವ ಜಾಕೆಟ್, ಸ್ಪ್ರೇ ಡೆಕ್, ಹುಟ್ಟು. ದೋಣಿ ಎಲ್ಲಕ್ಕಿಂತ ಕೊನೆಗೆ, ಅದೂ ಎರಡೂ ಬದಿಗೆ ರೋಲ್ ಬಂದು ಒಂದು ಋತು ಆಡಿದ ಮೇಲೆ. ಅಷ್ಟರಲ್ಲಿ ನಿಮ್ಮ ಸೊಂಟಕ್ಕೆ ಯಾವ ಅಳತೆ ಬೇಕೆಂದು ನಿಮಗೇ ಗೊತ್ತಿರುತ್ತದೆ. ಉಪ್ಪುನೀರಿನಿಂದ ಬಂದ ದಿನ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಗೋವಾದ ಬಿಸಿಲಿಗೆ ಸ್ಪ್ರೇ ಡೆಕ್ಕಿನ ರಬ್ಬರು ಒಂದೇ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ.

ಆಟ ಹೇಗೆ ಕಾಣಬೇಕೆಂಬ ಅಂದಾಜಿಗೆ ದೊಡ್ಡ ಪಂದ್ಯಗಳ ವಿಡಿಯೋ ನೋಡಿ. ವಿಶ್ವ ಚಾಂಪಿಯನ್‌ಷಿಪ್ 1994ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಶುರುವಾಯಿತು, 2005ರಿಂದ ವರ್ಲ್ಡ್ ಗೇಮ್ಸ್‌ನಲ್ಲೂ ಇದೆ. ಚೆಂಡನ್ನು ಬಿಟ್ಟು, ಚೆಂಡಿಲ್ಲದವರು ದೋಣಿಯನ್ನು ಎಲ್ಲಿ ನಿಲ್ಲಿಸುತ್ತಾರೆ ಎಂದು ಗಮನಿಸಿ.

ಕ್ಲಬ್ಬಿನ ಮೊದಲ ಪಂದ್ಯಕ್ಕೆ ಬದಲಿ ಆಟಗಾರರಾಗಿಯೇ ಹೋಗಿ. ನಿಮ್ಮದೇ ಗೋಲಿನ ಗೆರೆಯ ಹಿಂದೆ ಕಾಯಬೇಕು, ಹೊರಬರುವವರು ದೋಣಿ ಸಮೇತ ಅಂಗಳ ಪೂರ್ತಿ ಬಿಟ್ಟ ಮೇಲೆಯೇ ಒಳಹೋಗಬೇಕು. ಒಳಹೋದ ಕೂಡಲೇ ಚೆಂಡಿನ ಹಿಂದೆ ಓಡಬೇಡಿ, ಗೋಲಿನ ಮುಂದೆ ಖಾಲಿ ಇರುವ ಮೂಲೆಯಲ್ಲಿ ನಿಮ್ಮ ದೋಣಿ ಅಡ್ಡ ಹಾಕಿ ನಿಲ್ಲಿ.